ಮಾತು ಮುಗಿಸಿಕೊಡಬಾರದು

ಆ ನಿಯಮ ಯಾವಾಗ ಬಂತು ಎಂಬುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ, ಅದು ಬೇರೆ. ಇಲ್ಲಿ ಬರೆಯುತ್ತಿರುವುದರಲ್ಲಿ ನಾನು ಕಿವಿಯಾರೆ ಕೇಳಿದ್ದು ಎಷ್ಟು, ಆಮೇಲೆ ಯಾರೋ ಹೇಳಿದ್ದನ್ನು ನಾನೇ ಕೇಳಿದೆ ಎಂದುಕೊಂಡದ್ದು ಎಷ್ಟು ಎಂದು ಬೇರ್ಪಡಿಸಲು ನೋಡಿದ್ದೇನೆ. ಪೂರ್ತಿ ಆಗಿಲ್ಲ. ತತ್ತ್ವಶಾಸ್ತ್ರದ ಎಂ.ಎ. ತರಗತಿಯಲ್ಲಿ ಬೇರೆಯವರ ಮಾತನ್ನು ಅನುಮಾನದಿಂದ ನೋಡುವುದನ್ನು ಚೆನ್ನಾಗಿ ಕಲಿಸಿದ್ದರು. ನನ್ನ ನೆನಪನ್ನೇ ಹಾಗೆ ನೋಡಬೇಕಾದೀತು ಎಂದು ಯಾರೂ ಹೇಳಿರಲಿಲ್ಲ.

ಆಗ ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಒಂದು ಕಡೆ ಕೂತು ಒಂದು ಕೆಲಸ ಮಾಡುವ ಜಾತಿಯಲ್ಲ ನಾನು. ಪಿಎಚ್.ಡಿ. ಶುರು ಮಾಡಿ ಬಿಟ್ಟಿದ್ದೆ, ಪತ್ರಿಕೆಯ ಕೆಲಸ ಹಿಡಿದು ಬಿಟ್ಟಿದ್ದೆ. ಆನ್‌ಲೈನ್ ಆಟವನ್ನೂ ಹಾಗೇ ಬಿಡುತ್ತೇನೆ ಎಂದುಕೊಂಡೇ ಶುರು ಮಾಡಿದ್ದು. ಬಿಡದಂತೆ ಹಿಡಿದಿಟ್ಟದ್ದು ಆಟವಲ್ಲ, ಗಿಲ್ಡು.

ಗೊತ್ತಿಲ್ಲದವರಿಗೆ ಹೇಳಬೇಕು. ಗಿಲ್ಡು ಅಂದರೆ ಆ ಆಟದೊಳಗಿನ ಒಂದು ಸಂಘ. ಇಪ್ಪತ್ತು ಮಂದಿ ತಂತಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಒಟ್ಟಾಗಿ ಒಂದು ಕೋಟೆಗೆ ನುಗ್ಗುತ್ತಾರೆ. ಅದಕ್ಕೆ ರೇಡ್ ಎನ್ನುತ್ತಾರೆ. ಕೆಲವರು ಮುಂದೆ ನಿಂತು ಏಟು ತಿನ್ನುವವರು, ಹೆಚ್ಚಿನವರು ಏಟು ಹಾಕುವವರು, ಒಂದಿಬ್ಬರು ಹಿಂದೆ ನಿಂತು ಗಾಯ ಮಾಯಿಸುವವರು. ಒಬ್ಬರು ಮಾತ್ರ ಕೂಗಿ ಹೇಳುವವರು: ಈಗ ಓಡಿ, ಈಗ ನಿಲ್ಲಿ, ಈಗ ಕೂಡಿ ಬನ್ನಿ. ಒಬ್ಬ ತಪ್ಪು ಹೆಜ್ಜೆ ಇಟ್ಟರೆ ಇಪ್ಪತ್ತೂ ಮಂದಿ ಸಾಯುತ್ತಾರೆ, ಮತ್ತೆ ಮೊದಲಿಂದ.

ನಮ್ಮ ಗಿಲ್ಡು ಕಟ್ಟಿದವರು ಹರಿಹರದ ಒಬ್ಬ ಹೈಸ್ಕೂಲು ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆವು. ವಾರದ ದಿನ ಶಾಲೆ ಇರುವುದರಿಂದ ರೇಡು ಭಾನುವಾರ ಮಧ್ಯಾಹ್ನ ಊಟದ ಮೇಲೆ. ಊಟ ಮಾಡದೆ ಬರುವಂತಿಲ್ಲ, ಅದು ಅವರ ಮೊದಲ ನಿಯಮ. ಹಸಿದವರು ಜಗಳ ಆಡುತ್ತಾರೆ ಎಂದು ಅವರ ವಾದ. ಆಟದೊಳಗೆ ಬೇಕಾಗುವ ಮದ್ದು, ತಿನಿಸುಗಳನ್ನು ಅವರವರೇ ಮೊದಲೇ ಕೂಡಿಸಿಕೊಂಡು ಬರಬೇಕು. ಅದಕ್ಕೆ ಬುತ್ತಿ ಎಂಬ ಹೆಸರಿತ್ತು, ಬುತ್ತಿ ಇಲ್ಲದೆ ಬಂದವರು ಬಾಗಿಲಲ್ಲೇ ನಿಲ್ಲಬೇಕಿತ್ತು. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಬೇಕು, ತಿಳಿಸಿದವರನ್ನು ಯಾಕ ಅಂತ ಯಾರೂ ಕೇಳುವಂತಿಲ್ಲ. ಸಿಕ್ಕ ಆಯುಧ ಹೆಚ್ಚು ಹೊಡೆದವರಿಗಲ್ಲ, ಅದು ಯಾರ ಕೈಯಲ್ಲಿದ್ದರೆ ಎಲ್ಲರಿಗೂ ಅನುಕೂಲವೋ ಅವರಿಗೆ. ಯಾರಿಂದ ಸೋತೆವು ಎಂದು ಆ ದಿನ ಹೇಳಬಾರದು, ಮರುದಿನವೂ ಹೇಳಬೇಕು ಅನ್ನಿಸಿದರೆ ಹೇಳಬಹುದು.

ಈ ಕೊನೆಯದರ ಬಗ್ಗೆ ನನಗೂ ಅವರಿಗೂ ವಾದ ಆಗಿತ್ತು. ಒಂದು ರಾತ್ರಿ ಕಳೆದರೆ ಸಾಕ್ಷಿ ಹಳಸುತ್ತದೆ, ಆದದ್ದು ಆಗಲೇ ಹೇಳಬೇಕು ಎಂದು ನಾನು. ಸೋಮವಾರಕ್ಕೆ ಉಳಿಯದ ಸಿಟ್ಟು ಭಾನುವಾರಕ್ಕೂ ಬೇಕಾಗಿರಲಿಲ್ಲ ಎಂದು ಅವರು.

ಇನ್ನೊಂದು ನಿಯಮವಿತ್ತು. ಇನ್ನೊಬ್ಬರು ಮಾತಾಡುವಾಗ ಅವರ ಮಾತನ್ನು ನಾವು ಮುಗಿಸಿಕೊಡಬಾರದು. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸೀತು. ನಮ್ಮ ಕಡೆ ಮಾತು ಮುಗಿಸಿಕೊಡುವುದು ಒಂದು ಮರ್ಯಾದೆ. ಎದುರಿನವರು "ನಿನ್ನೆ ಸಂತೆಗೆ..." ಎಂದರೆ "ಹೋಗಿದ್ರೇನ್ರಿ" ಎಂದು ನಾವೇ ಹೇಳುತ್ತೇವೆ. ಸುಮ್ಮನೆ ಕೂತರೆ ಮನಸ್ಸು ಬೇರೆ ಕಡೆ ಇದೆ ಎಂದು ಅರ್ಥ.

ನನ್ನ ನೆನಪಿನಲ್ಲಿ ಈ ನಿಯಮ ಬಂದದ್ದು ಕೊಕ್ಕನೂರಿನ ಹುಡುಗಿ ನಮ್ಮ ಜೊತೆ ಸೇರಿದ ಮೇಲೆ.

ಅವಳು ಬಿ.ಕಾಂ. ಮುಗಿಸಿ, ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಹಾಕಿಸಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಮನೆಯವರು ಗದ್ದೆ ಮಾಡುತ್ತಾರೆ. ಗಿಲ್ಡಿನಲ್ಲಿ ಅವಳದು ಗಾಯ ಮಾಯಿಸುವ ಪಾತ್ರ, ಅದರಲ್ಲಿ ಅವಳಷ್ಟು ನಿಗಾ ಇದ್ದವರು ಇರಲಿಲ್ಲ. ಮಾತು ಮಾತ್ರ ತೊಡರುತ್ತಿತ್ತು. ಎಲ್ಲ ಮಾತೂ ಅಲ್ಲ. ಶುರು ಮಾಡುವಾಗ ಮೊದಲ ಅಕ್ಷರದ ಹತ್ತಿರ ನಿಂತುಬಿಡುತ್ತಿತ್ತು, ಒಮ್ಮೊಮ್ಮೆ ಬಹಳ ಹೊತ್ತು. ಆ ತೊಡರನ್ನು ನಾನು ಇಲ್ಲಿ ಅಕ್ಷರದಲ್ಲಿ ತೋರಿಸುವುದಿಲ್ಲ. ತೋರಿಸಿದರೆ ಓದುವವರು ಅದನ್ನೇ ಓದುತ್ತಾರೆ, ಅವಳು ಹೇಳಿದ್ದನ್ನು ಓದುವುದಿಲ್ಲ. ಅವಳ ಪ್ರತಿ ಮಾತಿನ ಮುಂದೆ ಒಂದು ಕಾಯುವಿಕೆ ಇತ್ತು ಎಂದು ತಿಳಿದುಕೊಂಡರೆ ಸಾಕು.

ನಮಗೆ ಕೂಗಿ ಹೇಳುತ್ತಿದ್ದವನು ವಿನೋಬನಗರದಲ್ಲಿ ಸಣ್ಣ ಮುದ್ರಣದ ಅಂಗಡಿ ಇಟ್ಟವನು. ಮದುವೆ ಪತ್ರಿಕೆ, ಬಿಲ್ಲು ಪುಸ್ತಕ, ಫ್ಲೆಕ್ಸು. ಎಲ್ಲರಿಗೂ ಅಣ್ಣ. ದೊಡ್ಡ ಗಂಟಲು, ದೊಡ್ಡ ನಗು. ಅವನಿಗೆ ನಾನು ಪ್ರೊಫೆಸರ್ ಸಾಹೇಬ್ರು. ನಾನು ಏನಾದರೂ ಕೇಳಿದರೆ ಸಾಕು, "ಸಾಹೇಬ್ರಿಗೆ ಪುರಾವೆ ಬೇಕಂತೆ, ಝೆರಾಕ್ಸ್ ತೆಗೆದು ಕೊಡ್ರಪ್ಪ" ಎನ್ನುತ್ತಿದ್ದ.

ಕೋಟೆಯ ಕೊನೆಯ ಬಾಗಿಲಲ್ಲಿ ಒಬ್ಬ ಕಲ್ಲಿನ ದೈತ್ಯನಿದ್ದ. ಆಟದವರು ಅವನಿಗೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದರು, ನಮಗೆ ಅವನು ಗುಂಡ್ಕಲ್ಲಪ್ಪ. ಅವನು ಗದೆ ಎತ್ತಿದ ಮೇಲೆ ಅದು ನೆಲಕ್ಕೆ ಬೀಳುವುದಕ್ಕೆ ಐದು ಹಂತ. ಭುಜ ಒಂದೊಂದು ಸಲ ಅಲುಗಿದರೆ ಒಂದೊಂದು ಹಂತ. ಐದನೆಯದಕ್ಕೆ ಸರಿಯಾಗಿ ಎಲ್ಲರೂ ಒಂದೇ ಗುರಾಣಿಯ ಕೆಳಗೆ ಸೇರಬೇಕು. ಮೊದಲೇ ಓಡಿದರೆ ನೆಲ ಕುಸಿಯುತ್ತದೆ, ತಡವಾದರೆ ಗದೆ. ತೊಂದರೆ ಏನೆಂದರೆ ಹಂತಗಳ ನಡುವಿನ ಹೊತ್ತು ಪ್ರತಿ ಸಲ ಬೇರೆ. ಎರಡರಿಂದ ಮೂರಕ್ಕೆ ಅವನು ತಟ್ಟನೆ ಹೋಗಬಹುದು, ಇಲ್ಲವೇ ಹೊಳೆದಂಡೆಯಲ್ಲಿ ಕೂತವನ ಹಾಗೆ ಆರಾಮಾಗಿ ನಿಲ್ಲಬಹುದು. ಗಡಿಯಾರದ ಯಾವ ಉಪಾಯವೂ ನಡೆಯದು. ನಾನೇ ಒಂದು ಕಟ್ಟಿ ನೋಡಿ ಬಿಟ್ಟಿದ್ದೆ. ಕಣ್ಣಿಂದ ನೋಡಿ ಬಾಯಿಂದ ಹೇಳಬೇಕು.

ಅಣ್ಣ ಹೇಳುತ್ತಿದ್ದ. "ಒಂದು. ಎರಡು." ಆಮೇಲೆ ಮೌನ. ಆ ಮೌನದಲ್ಲಿ ಯಾರೋ ಒಬ್ಬರ ಧೈರ್ಯ ಕೆಟ್ಟು ಓಡುತ್ತಿದ್ದರು, ಅವರ ಹಿಂದೆ ಮೂವರು, ನೆಲ ಕುಸಿದು ಎಲ್ಲರೂ ಪಾತಾಳಕ್ಕೆ. ಎಷ್ಟೋ ಭಾನುವಾರ ಹೀಗೇ ಹೋಯಿತು.

ಅಷ್ಟರಲ್ಲಿ ಅಣ್ಣ ಕೂಗುವುದನ್ನು ಬಿಡಬೇಕಾಗಿ ಬಂತು. ಅವನ ಹೆಂಡತಿ ನರ್ಸು, ಅವರಿಗೆ ಭಾನುವಾರದ ಪಾಳಿ ಬಿದ್ದಿತ್ತು. ಮಗಳನ್ನು ನೋಡಿಕೊಳ್ಳುವವನು ಅವನೇ. ತೊಡೆಯ ಮೇಲೆ ಮಗು ಇಟ್ಟುಕೊಂಡು ಏಟು ಹಾಕಬಹುದು, ಕೂಗಿ ಹೇಳಲಾಗುವುದಿಲ್ಲ ಎಂದ. ಇನ್ನು ಯಾರು ಎಂದು ಗಿಲ್ಡಿನ ಗುಂಪಿನಲ್ಲಿ ಎರಡು ದಿನ ಯಾರೂ ಏನೂ ಹೇಳಲಿಲ್ಲ. ಮೂರನೆಯ ದಿನ ಅವಳು ಬರೆದಳು: ನಾನು ನೋಡಲಾ.

ಬರೆದಳು, ಹೇಳಲಿಲ್ಲ. ಅದಕ್ಕೆ ಬಂದ ಉತ್ತರಗಳೆಲ್ಲ ಬಹಳ ಒಳ್ಳೆಯವಾಗಿದ್ದವು. ಖಂಡಿತ ನೋಡ್ರಿ, ಯಾಕಾಗಬಾರ್ದು, ನಾವು ಕಾಯ್ತೀವಿ. ಆಮೇಲೆ ಅವಳು ಸುಮ್ಮನಾದಳು. ಆ ಒಳ್ಳೆಯತನವೇ ಅವಳಿಗೆ ಮುಳ್ಳಾಯಿತು ಎಂದು ನನಗೆ ಗೊತ್ತಾದದ್ದು ಮುಂದಿನ ವಾರ, ಹರಿಹರದಲ್ಲಿ.

ಅಕ್ಕೋರು ಹತ್ತಿರದವರನ್ನೆಲ್ಲ ಮನೆಗೆ ಕರೆದಿದ್ದರು. ಹತ್ತು ಹನ್ನೆರಡು ಮಂದಿ ಇದ್ದಿರಬೇಕು. ಮುಖ ನೋಡಿದ್ದು ಅದೇ ಮೊದಲು. ದನಿ ಕೇಳಿದ ಮೇಲೆ ಮುಖ ನೋಡಿದರೆ ಯಾರ ಮುಖವೂ ಅವರದು ಅನ್ನಿಸುವುದಿಲ್ಲ. ಅಣ್ಣ ನಾನು ಅಂದುಕೊಂಡದ್ದರ ಅರ್ಧ ಇದ್ದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಒಂದು ಚೀಲ ಮಂಡಕ್ಕಿ ಹಿಡಿದು ಬಸ್ಸಿಳಿದು ಬಂದಿದ್ದ. ಕೊಕ್ಕನೂರಿನವಳು ಮೊದಲೇ ಬಂದು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

ನಾನು ಕೂರಲಾರದೆ ಪಡಸಾಲೆಯಲ್ಲಿ ಅತ್ತ ಇತ್ತ ಅಡ್ಡಾಡುತ್ತಿದ್ದೆ. ಅಕ್ಕೋರು ಎಲ್ಲರ ಎದುರಿಗೆ ಅವಳನ್ನು ಕರೆದು, ಭಾನುವಾರ ನೀನೇ ಕೂಗು ಎಂದರು. ಅವಳು ಕೈಯೊರೆಸಿಕೊಂಡು ಬಂದು ನಿಂತಳು. ಹೌದು ಎನ್ನಲಿಲ್ಲ. ಕಾಲೇಜಿನ ಕಥೆ ಹೇಳಿದಳು. ಸೆಮಿನಾರಿನಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಬೇಕಿತ್ತಂತೆ. ಅವಳ ಸರದಿ ಬಂದಾಗ, ನಿನಗೆ ಬೇಡಮ್ಮ, ಕೂತುಕೋ ಎಂದು ಪೂರ್ತಿ ಅಂಕ ಕೊಟ್ಟರಂತೆ. ಮೂರು ವರ್ಷವೂ ಹಾಗೇ. ಆ ಅಂಕ ನೋಡಿದರೆ ಇವತ್ತಿಗೂ ಮೈ ಉರಿಯುತ್ತದೆ ಎಂದಳು. ಇದನ್ನು ಹೇಳಿ ಮುಗಿಸಲು ಅವಳಿಗೆ ಸಾಕಷ್ಟು ಹೊತ್ತು ಹಿಡಿಯಿತು, ಯಾರೂ ನಡುವೆ ಬಾಯಿ ಹಾಕಲಿಲ್ಲ. ಬಾಯಿ ಹಾಕಲಿಲ್ಲ ಎಂಬುದನ್ನೇ ಅವಳು ಎತ್ತಿಕೊಂಡಳು.

"ಅಕ್ಕೋರೆ, ಮಾತು ಮುಗಿಸಬಾರ್ದು ಅನ್ನೋ ನಿಯಮ ನನ್ನ ಸಲುವಾಗಿ ಮಾಡಿದ್ದು ಹೌದಲ್ರಿ?"

"ಅಲ್ಲ. ನೀನು ಬರಾಕಿಂತ ಮೊದ್ಲಿಂದ ಐತೆ."

"ಎಲ್ಲಾರೂ ಹಂಗೇ ಅಂತಾರೆ." ಅವಳು ನನ್ನ ಕಡೆ ತಿರುಗಿದಳು. "ಸರ, ನೀವು ಪುರಾವೆ ಇಲ್ದೆ ಏನೂ ಒಪ್ಪಲ್ಲಂತೆ. ನೀವು ಹೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಅಕ್ಕೋರು ನೋಡಿದ ರೀತಿಯಲ್ಲಿ, ಸುಳ್ಳಾದರೂ ಸರಿ ಮೊದಲಿಂದಲೇ ಇತ್ತು ಅನ್ನು ಎಂಬ ಸೂಚನೆ ಇತ್ತು ಎಂದು ನನಗೆ ಅನ್ನಿಸಿತು. ಇರಲಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ.

"ನನ್ನ ನೆನಪಿನಲ್ಲಿ ಅದು ನೀವು ಬಂದ ಮೇಲಿನದು," ಎಂದೆ. "ಆದ್ರೆ ನನ್ನ ನೆನಪನ್ನ ನಾನೇ ನಂಬಲ್ಲ. ಖಾತ್ರಿ ಇಲ್ಲ. ಹುಡುಕಿ ಹೇಳ್ತೀನಿ."

ಅಣ್ಣ ಹಣೆ ಚಚ್ಚಿಕೊಂಡ. "ಒಂದು ಹೌದು ಅನ್ನಾಕೆ ಈ ಮನುಷ್ಯಗೆ ರಿಸರ್ಚ್ ಮಾಡ್ಬೇಕು."

ಅವಳಿಗೆ ನಗು ಬಂತು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು. ಅದಕ್ಕೂ ಖಾತ್ರಿ ಇಲ್ಲ. ಹೌದು, ಇಲ್ಲ ಎಂಬ ಎರಡರ ನಡುವೆ ಒಬ್ಬರಾದರೂ ನಿಂತರಲ್ಲ ಎಂದು ಅವಳು ಅಂದುಕೊಂಡಂತಿತ್ತು. ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಆದದ್ದನ್ನು ಮೊದಲು ಗಮನಿಸಿದ್ದು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಾನು ಎಂದು ಅಣ್ಣ ಹೇಳುತ್ತಾನೆ, ತಾವು ಎಂದು ಅಕ್ಕೋರು. ಅಡುಗೆಮನೆಯಲ್ಲಿ ಅವಳು ಚೀಲದಿಂದ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ದೊಡ್ಡ ಪರಾತಕ್ಕೆ ಸುರಿಯುತ್ತಿದ್ದಳು. ಅಳೆಯುವಾಗ ಬಾಯಲ್ಲಿ ಎಣಿಕೆ ನಡೆದಿತ್ತು. ಅವಳ ಅಜ್ಜಿ ಕಣದಲ್ಲಿ ಕಾಳು ಅಳೆಯುವಾಗ ಎಣಿಸುತ್ತಿದ್ದ ರೀತಿ ಅದು. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಂದಿನ ಸೇರು ತುಂಬುವ ತನಕ ಹಿಂದಿನ ಎಣಿಕೆಯನ್ನೇ ಹೇಳುತ್ತಿರುತ್ತಾರೆ, ಲೆಕ್ಕ ತಪ್ಪಬಾರದು ಎಂದು. ಲಾಭ, ಲಾಭ, ಲಾಭ, ಲಾಭ. ಎರಡು, ಎರಡು, ಎರಡು. ಮೂರು, ಮೂರು.

ಒಂದು ಕಡೆಯೂ ತೊಡರಲಿಲ್ಲ. ತೊಡರಿದ್ದರೂ ಗೊತ್ತಾಗುತ್ತಿರಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದೇ ಅಲ್ಲಿ ಕ್ರಮ. ನಾವು ಪಡಸಾಲೆಯಲ್ಲಿ ಗದ್ದಲ ಮಾಡುತ್ತಲೇ ಇದ್ದೆವು, ಒಳಗಿನ ಎಣಿಕೆ ಸಾಗುತ್ತಲೇ ಇತ್ತು. ಅಣ್ಣ ಮಗಳನ್ನು ನನ್ನ ತೋಳಿಗೆ ದಾಟಿಸಿ ಅಡುಗೆಮನೆಯ ಬಾಗಿಲಿಗೆ ಹೋದ.

"ತಂಗಿ, ಗುಂಡ್ಕಲ್ಲಪ್ಪನ್ನ ಹಿಂಗ ಅಳೀಬೋದಲ್ಲ?"

ಅವಳು ಸೇರು ಕೈಯಲ್ಲೇ ಹಿಡಿದು ಯೋಚಿಸಿದಳು. ಭುಜ ಅಲುಗುವ ತನಕ ಹಿಂದಿನ ಎಣಿಕೆ, ಅಲುಗಿದ ತಕ್ಷಣ ಮುಂದಿನದು. ನಡುವೆ ಮೌನವೇ ಇರುವುದಿಲ್ಲ, ಮೌನ ಇಲ್ಲದಿದ್ದರೆ ಓಡುವವರೂ ಇರುವುದಿಲ್ಲ. ತನ್ನ ಎಣಿಕೆಗಿಂತ ಇದೇ ಚೆನ್ನ ಎಂದು ಅಣ್ಣನೇ ಹೇಳಿದ. ಅವನ ಮೇಲೆ ನನಗೆ ಗೌರವ ಬಂದದ್ದು ಆಗ. ತೋಳಲ್ಲಿದ್ದ ಮಗು ನನ್ನ ಕನ್ನಡಕ ಕಿತ್ತುಕೊಂಡಿದ್ದರಿಂದ ಅವಳ ಮುಖ ಸರಿಯಾಗಿ ಕಾಣಲಿಲ್ಲ, ದನಿ ಕೇಳಿತು.

"ಕೂಗ್ತೀನಿ. ಆದ್ರೆ ಭಾನುವಾರ ಒಂದು ದಿನ ಆ ನಿಯಮ ತೆಗೀರಿ. ಮುಗಿಸಬೇಕು ಅನ್ನಿಸಿದೋರು ಮುಗಿಸ್ಲಿ."

ಅಕ್ಕೋರು ಬಹಳ ಹೊತ್ತು ಒಪ್ಪಲಿಲ್ಲ. ನಿಯಮ ಒಬ್ಬರಿಗಾಗಿ ಮಾಡಿದ್ದಲ್ಲ ಅಂದ ಮೇಲೆ ಒಬ್ಬರಿಗಾಗಿ ತೆಗೆಯುವುದೂ ಸರಿಯಲ್ಲ ಎಂದರು. ತರ್ಕ ಸರಿಯಿತ್ತು. ಆದರೂ ಮಂಡಕ್ಕಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಒಪ್ಪಿದರು. ನೀವು ಹೆಂಗೆ ಒಪ್ಪಿದಿರಿ ಎಂದು ಆಮೇಲೆ ಕೇಳಿದೆ. ತಾವು ಹೇಳಿದ್ದನ್ನು ನಂಬದ ಮಕ್ಕಳಿಗೆ ಮಾಡಿಯೇ ತೋರಿಸಬೇಕಾಗುತ್ತದೆ, ಅದು ಶಾಲೆಯಲ್ಲಿ ದಿನಾ ಇದ್ದದ್ದೇ ಎಂದರು.

ಭಾನುವಾರ ಎಲ್ಲರೂ ಊಟ ಮಾಡಿ ಬಂದರು. ಬುತ್ತಿ ತಪಾಸಣೆ ಆಯಿತು. ಈ ದಿನ ಆ ನಿಯಮ ಇಲ್ಲ ಎಂದು ಅಕ್ಕೋರು ಶಾಲೆಯ ಪ್ರಾರ್ಥನೆಯಲ್ಲಿ ರಜೆ ಘೋಷಿಸುವ ದನಿಯಲ್ಲಿ ಹೇಳಿದರು. ಅಣ್ಣ ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಏಟು ಹಾಕಲು ಬಂದಿದ್ದ. ಆಗಾಗ ಆ ಕಡೆಯಿಂದ ಮಗುವಿನ ಕೈಯ ಗಿಲಕಿಯ ಸದ್ದು ಕೇಳುತ್ತಿತ್ತು.

ಮೊದಲ ಸಲ ನಾವು ಸತ್ತೆವು. ಎಣಿಕೆಯ ತಪ್ಪಲ್ಲ, ಇಬ್ಬರು ಹಳೆಯ ಅಭ್ಯಾಸದಿಂದ ಎರಡಕ್ಕೇ ಓಡಿದರು. ಎರಡನೆಯ ಸಲ ನಾಲ್ಕರ ತನಕ ನಿಂತೆವು. ಮುಂದಿನದರಲ್ಲಿ ದೈತ್ಯನ ಶಕ್ತಿ ಅರ್ಧಕ್ಕೆ ಇಳಿಯಿತು, ಮತ್ತೆ ಸತ್ತೆವು. ಯಾರೂ ಯಾರನ್ನೂ ಬಯ್ಯಲಿಲ್ಲ, ಸೋಮವಾರ ಇನ್ನೂ ದೂರವಿತ್ತು. ಆಮೇಲೆ ಎಷ್ಟು ಸಲ ಸತ್ತೆವೋ ಲೆಕ್ಕ ಇಟ್ಟಿಲ್ಲ. ನೆನಪಿರುವುದು ಕಿವಿಯೊಳಗೆ ಅವಳ ದನಿ ಮಾತ್ರ. ಮೊದಮೊದಲು ಮೆಲ್ಲಗೆ, ಹೋಗಹೋಗುತ್ತ ಕಣದಲ್ಲಿ ಕೂತವರ ದನಿಯಾಗಿ. ಮೂರು, ಮೂರು, ಮೂರು, ಮೂರು. ಕಲ್ಲಿನ ಭುಜ ಅಲುಗುವುದಿಲ್ಲ. ಮೂರು, ಮೂರು. ನನ್ನ ಕಾಲು ಓಡು ಎನ್ನುತ್ತದೆ, ಓಡುವುದಿಲ್ಲ. ಹತ್ತೊಂಬತ್ತು ಮಂದಿ ಅವಳ ಒಂದು ಅಂಕಿಯೊಳಗೆ ನಿಂತಿದ್ದೆವು. ನಾಲ್ಕು ಎಂದಳು. ಐದು ಎಂದಳು. ಕೂಡಿಕೊಂಡೆವು. ಗದೆ ಬಿತ್ತು, ನಾವು ಇದ್ದೆವು.

ಗುಂಡ್ಕಲ್ಲಪ್ಪ ಉರುಳಿದಾಗ ಹಲವರು ಒಟ್ಟಿಗೆ ಕೇಕೆ ಹಾಕಿದರು, ಅಣ್ಣನ ಮಗಳು ಬೆಚ್ಚಿ ಅತ್ತಳು. ಗದ್ದಲ ತಗ್ಗಿದ ಮೇಲೆ ಅಕ್ಕೋರು, ಮೊದಲ ಮಾತು ಕೂಗಿದವರದು ಎಂದರು. ಅದೂ ಒಂದು ನಿಯಮ.

ಅವಳು ಶುರು ಮಾಡಿದಳು, ಮೊದಲ ಅಕ್ಷರದಲ್ಲಿ ನಿಂತಳು. ಈಗ ಎಣಿಕೆ ಇರಲಿಲ್ಲ, ಸೇರು ಇರಲಿಲ್ಲ. ಮುಗಿಸಿಕೊಡಬಾರದು ಎಂಬ ನಿಯಮವೂ ಆ ದಿನ ಇರಲಿಲ್ಲ. ಯಾರು ಬೇಕಾದರೂ ಒಂದು ಮಾತು ಎತ್ತಿಕೊಡಬಹುದಿತ್ತು. ಖುಷಿ ಆತು ಅಂತೀರೇನ್ರಿ, ಥ್ಯಾಂಕ್ಸ್ ಅಂತೀರೇನ್ರಿ. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಹೆಡ್‌ಫೋನಿನಲ್ಲಿ ಹತ್ತೊಂಬತ್ತು ಮಂದಿಯ ಉಸಿರು, ಯಾರದೋ ಮನೆಯ ಫ್ಯಾನಿನ ಸದ್ದು, ಗಿಲಕಿ. ಕಾದೆವು.

"ಹಾಲು ಹಾಕಿಸ್ಕೊಳ್ಳೋ ಹೊತ್ತಾತು," ಎಂದಳು ಕೊನೆಗೆ. "ಡೇರಿ ಬಾಗ್ಲಾಗೆ ಜನ ನಿಂತಿರ್ತಾರೆ. ಬರ್ತೀನ್ರಿ."

ಹೋಗೇಬಿಟ್ಟಳು. ಹತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಆ ಮಾತನ್ನು ಊಹಿಸಿರಲಿಲ್ಲ. ಯಾರಾದರೂ ಮುಗಿಸಿಕೊಟ್ಟಿದ್ದರೆ ತಪ್ಪಾಗಿಯೇ ಮುಗಿಸಿಕೊಡುತ್ತಿದ್ದರು.

ಮುಂದಿನ ಭಾನುವಾರದಿಂದ ಕೂಗುವ ಕೆಲಸ ಅವಳದೇ ಆಯಿತು. ಯಾರೂ ಮತ್ತೆ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಹೊಸದಾಗಿ ಸೇರಿದವರಿಗೆ ಎಣಿಕೆ ಕಲಿಸುವುದೂ ಅವಳೇ. ಮೊದಲಿಗೆ ನಿಮ್ಮ ಮನೆಯಲ್ಲಿ ಸೇರು ಐತೇನ್ರಿ ಎಂದು ಕೇಳುತ್ತಾಳಂತೆ. ನಾನು ಈ ಗಿಲ್ಡನ್ನು ಇನ್ನೂ ಬಿಟ್ಟಿಲ್ಲ, ಅದು ನನ್ನ ಮಟ್ಟಿಗೆ ದೊಡ್ಡ ಸುದ್ದಿ.

ಆದರೆ ಹುಡುಕಿ ಹೇಳುತ್ತೇನೆ ಎಂದ ಮಾತು ಹಾಗೇ ಉಳಿದಿತ್ತು. ಒಂದು ಸಲ ಅವಳೇ ನೆನಪಿಸಿದಳು, ಚೇಷ್ಟೆಗೆ: "ಸರ, ನಿಮ್ಮ ರಿಸರ್ಚ್ ಎಲ್ಲಿಗೆ ಬಂತು?" ನನ್ನ ತಲೆಯಲ್ಲಿ ಚಿತ್ರ ಸ್ಪಷ್ಟವಾಗಿಯೇ ಇತ್ತು. ಅವಳು ಏನೋ ಹೇಳಲು ಹೋಗಿ ನಿಲ್ಲುತ್ತಾಳೆ, ನಾಲ್ಕು ಮಂದಿ ನಾಲ್ಕು ಥರ ಮುಗಿಸುತ್ತಾರೆ, ಎಲ್ಲರೂ ನಾಲ್ಕು ದಿಕ್ಕಿಗೆ ಓಡಿ ಸಾಯುತ್ತೇವೆ, ಅಕ್ಕೋರು ನಿಯಮ ಮಾಡುತ್ತಾರೆ. ಇಷ್ಟು ಸ್ಪಷ್ಟವಾದದ್ದನ್ನೇ ಅನುಮಾನಿಸಬೇಕು ಅನ್ನಿಸಿತು. ಅಣ್ಣ ಮೊದಲ ದಿನಗಳಲ್ಲಿ ಆಟವನ್ನು ದನಿಸಮೇತ ರೆಕಾರ್ಡ್ ಮಾಡಿಡುತ್ತಿದ್ದ. ವಿನೋಬನಗರದ ಅಂಗಡಿಗೆ ಹೋಗಿ ಅವನ ಹಳೆಯ ಕಂಪ್ಯೂಟರಿನಲ್ಲಿ ಒಂದೊಂದಾಗಿ ಕೇಳಿದೆ. ಪಕ್ಕದಲ್ಲಿ ಮದುವೆ ಪತ್ರಿಕೆ ಮುದ್ರಣವಾಗುತ್ತಿತ್ತು.

ಸಿಕ್ಕಿತು. ನಿಂತ ಮಾತು ಅವಳದಲ್ಲ, ಅಣ್ಣನದು. "ಎಲ್ಲಾರೂ ಈಗ..." ಎಂದವನು ಕೆಮ್ಮು ಬಂದು ನಿಲ್ಲುತ್ತಾನೆ. "ಹಿಂದಕ್ಕೆ ಬರ್ಬೇಕಾ ಅಣ್ಣ", "ಎಡಕ್ಕಾ", "ಓಡ್ಬೇಕಲ್ಲ" ಎಂದು ಮೂರು ದನಿ, ಮೂರನೆಯದು ನನ್ನದು. ಎಲ್ಲರೂ ಸತ್ತ ಮೇಲೆ ಅಕ್ಕೋರ ದನಿ: ಇವತ್ತಿನಿಂದ ಯಾರೂ ಯಾರ ಮಾತನ್ನೂ ಮುಗಿಸಿಕೊಡಂಗಿಲ್ಲ. ತೆರೆಯ ಎಡಗಡೆ ಆ ದಿನ ಆಡಿದ ಇಪ್ಪತ್ತು ಮಂದಿಯ ಹೆಸರುಗಳಿದ್ದವು. ಮೇಲಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೂ ಓದಿದೆ. ಅವಳು ಅದರಲ್ಲಿ ಇರಲಿಲ್ಲ. ಇನ್ನೂ ಸೇರಿರಲಿಲ್ಲ.